ಕಣ್ಣೊಳಗಿನ ಎಣ್ಣೆ ಮತ್ತು ಮರೆತ ತಾರೀಖು



‘ಸಾರ್, ಕಣ್ಣು ಈಗ ಹೇಗಿದೆ?’ ಎಂದು ದೂರವಾಣಿಯಲ್ಲಿ ವಿಚಾರಿಸುವವರಿಗೆಲ್ಲ ‘ಪರವಾಗಿಲ್ಲ’ ಎಂಬ ಒಂದೇ ಉತ್ತರವನ್ನು ಇದುವರೆಗೆ ಕೊಟ್ಟುಕೊಂಡು ಬಂದಿದ್ದೇನೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನನ್ನ ಬಲಗಣ್ಣಿನಲ್ಲಿ ಹನ್ನೊಂದು ತಿಂಗಳ ಕಾಲ ಎಣ್ಣೆಯಿತ್ತು. ನಾಲ್ಕು ತಿಂಗಳಿಗೆ ತೆಗೆಸಬೇಕಾಗಿದ್ದ ಎಣ್ಣೆ ಅದು. ಉಳಿದ ಏಳು ತಿಂಗಳು ಅದು ಅಲ್ಲಿ ಉಳಿದದ್ದು ನನ್ನ ಅಲಕ್ಷ್ಯದಿಂದ. ಆ ಏಳು ತಿಂಗಳ ಬಡ್ಡಿಯನ್ನು ದಿನಕ್ಕೆ ಎರಡು ಹೊತ್ತು, ಬೆಳಿಗ್ಗೆ ಏಳಕ್ಕೂ ರಾತ್ರಿ ಏಳಕ್ಕೂ, ಔಷಧದ ಹನಿಯ ರೂಪದಲ್ಲಿ ಕಟ್ಟುತ್ತಿದ್ದೇನೆ, ಬದುಕಿರುವವರೆಗೂ ಕಟ್ಟಬೇಕು.

ನನ್ನ ಕಥೆ ಇಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ನನಗಿಂತ ಹೆಚ್ಚು ಕಳೆದುಕೊಂಡ ನನ್ನ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನಿಂದಾಗಿ ಈ ಲೇಖನ.

ಮೊದಲು ಸ್ವಲ್ಪ ಪಾಠ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗುಬ್ಬಿಯಲ್ಲಿಯೂ ಕುಣಿಗಲ್ಲಿನಲ್ಲಿಯೂ ವಿಜ್ಞಾನ ಬೋಧಿಸಿದವನಿಗೆ ಈ ಚಟ ಬಿಡುವುದಿಲ್ಲ, ಸಹಿಸಿಕೊಳ್ಳಿ. ಹತ್ತನೆಯ ತರಗತಿಯಲ್ಲಿ ಕಣ್ಣಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದು ನಿಮಗೆ ನೆನಪಿರಬಹುದು. ಕಣ್ಣುಗುಡ್ಡೆಯ ಹಿಂಭಾಗದ ಒಳಗೋಡೆಗೆ ತೆಳುವಾದ ಕಾಗದದಂತೆ ಅಂಟಿಕೊಂಡಿರುವ ಪದರವೇ ಅಕ್ಷಿಪಟಲ, ಅಂದರೆ ರೆಟಿನಾ. ಅದರ ಮುಂದಿನ ಟೊಳ್ಳನ್ನು ಲೋಳೆಯಂಥ ಪಾರದರ್ಶಕ ವಸ್ತುವೊಂದು ತುಂಬಿರುತ್ತದೆ. ಹೆಚ್ಚೆಂದರೆ ಒಂದು ಟೀ ಚಮಚದಷ್ಟು, ಸುಮಾರು 4 ಮಿಲಿಲೀಟರ್. ವಯಸ್ಸಾದಂತೆ ಈ ಲೋಳೆ ನೀರಾಗಿ ಕುಗ್ಗುತ್ತದೆ. ಕುಗ್ಗುವಾಗ ಕೆಲವರಲ್ಲಿ ಅಕ್ಷಿಪಟಲವನ್ನು ಜಗ್ಗಿ ಹರಿಯುತ್ತದೆ. ಹರಿದ ಕಡೆಯಿಂದ ನೀರು ಹಿಂದಕ್ಕೆ ನುಸುಳಿ, ತೇವ ಹತ್ತಿದ ಗೋಡೆಯಿಂದ ಸುಣ್ಣದ ಹೊಪ್ಪಳೆ ಏಳುವಂತೆ ಪಟಲವು ಕಳಚಿಕೊಳ್ಳುತ್ತದೆ. ಹೆಚ್ಚು ಮೈನಸ್ ಸಂಖ್ಯೆಯ ಕನ್ನಡಕದವರಿಗೆ, ಪೊರೆಯ ಶಸ್ತ್ರಚಿಕಿತ್ಸೆ ಆದವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ ಈ ಅಪಾಯ ಇತರರಿಗಿಂತ ಜಾಸ್ತಿ. ಅಕ್ಷಿಪಟಲಕ್ಕೆ ನೋವು ತಿಳಿಯುವ ನರಗಳಿಲ್ಲವಾದ್ದರಿಂದ ಇದೆಲ್ಲವೂ ಸದ್ದಿಲ್ಲದೆ ನಡೆದುಹೋಗುತ್ತದೆ.

ನನಗೆ 2019ರಲ್ಲಿ ಪೊರೆ ತೆಗೆದು ಕೃತಕ ಮಸೂರ ಇರಿಸಿದ್ದರು. 2021ರ ಅಕ್ಟೋಬರಿನಲ್ಲಿ ತುಮಕೂರಿನ ಅಮಾನಿಕೆರೆಯ ಏರಿಯ ಮೇಲೆ ಸಂಜೆಯ ನಡಿಗೆಯಲ್ಲಿದ್ದಾಗ ಬಲಗಣ್ಣಿನ ಅಂಚಿನಲ್ಲಿ ಮಿಂಚು ಹೊಳೆದಂತಾಯಿತು. ಮಳೆ ಬರಬಹುದೆಂದು ಆಕಾಶ ನೋಡಿದೆ. ಮರುದಿನದಿಂದ ಕಪ್ಪು ಚುಕ್ಕೆಗಳು ಸೊಳ್ಳೆಗಳಂತೆ ಹಾರಾಡತೊಡಗಿದವು. ಕನ್ನಡಕ ಒರೆಸಿಕೊಂಡೆ. ಮೂರನೆಯ ವಾರ ನೋಟದ ಕೆಳಭಾಗದಿಂದ ಒಂದು ಪರದೆ ಮೇಲೇರುತ್ತ ಬಂದಾಗಷ್ಟೇ ದಿಗಿಲಾದದ್ದು. ಅಕ್ಷಿಪಟಲದ ಮೇಲೆ ಬಿಂಬ ತಲೆಕೆಳಗಾಗಿ ಬೀಳುತ್ತದೆಯಾದ್ದರಿಂದ ಮೇಲ್ಭಾಗದ ಪಟಲ ಕಳಚಿದರೆ ಪರದೆ ಕೆಳಗಿನಿಂದ ಕಾಣಿಸುತ್ತದೆ. ಇದನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ; ನನ್ನದೇ ಕಣ್ಣಿನಲ್ಲಿ ಬಂದಾಗ ಗುರುತು ಹಿಡಿಯಲಾಗಲಿಲ್ಲ. ಮಿಂಚು, ಒಮ್ಮೆಲೇ ಬರುವ ಚುಕ್ಕೆಗಳ ಗುಂಪು, ಪರದೆ, ಈ ಮೂರರಲ್ಲಿ ಯಾವುದು ಕಂಡರೂ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ನನ್ನಂತೆ ಮೂರು ವಾರ ಕಾಯಬೇಡಿ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನವೆಂಬರ್ ಮೊದಲ ವಾರ ಶಸ್ತ್ರಚಿಕಿತ್ಸೆಯಾಯಿತು. ಒಳಗಿನ ಲೋಳೆಯನ್ನು ತೆಗೆದು, ಪಟಲವನ್ನು ಗೋಡೆಗೆ ಒತ್ತಿ ಕೂರಿಸಿ, ಹರಿದ ಕಡೆ ಲೇಸರಿನಿಂದ ಬೆಸುಗೆ ಹಾಕಿ, ಆ ಬೆಸುಗೆ ಗಟ್ಟಿಯಾಗುವವರೆಗೆ ಪಟಲವನ್ನು ಒತ್ತಿ ಹಿಡಿಯಲು ಏನನ್ನಾದರೂ ತುಂಬಬೇಕು. ಸಾಮಾನ್ಯವಾಗಿ ತುಂಬುವುದು ಎರಡು ಬಗೆ. ಒಂದು, ವಿಶೇಷ ಅನಿಲ. ಇದು ವಾರಗಳಲ್ಲಿ ತಾನಾಗಿಯೇ ರಕ್ತಕ್ಕೆ ಸೇರಿ ಮಾಯವಾಗುತ್ತದೆ. ಇನ್ನೊಂದು ಸಿಲಿಕೋನ್ ಎಣ್ಣೆ. ಇದು ತಾನಾಗಿ ಎಂದಿಗೂ ಹೋಗುವುದಿಲ್ಲ. ನಾನು ತಡಮಾಡಿದ್ದರಿಂದ ನನ್ನ ಪಟಲ ಸುಕ್ಕುಗಟ್ಟಲು ಆರಂಭಿಸಿತ್ತು. ಅಂಥ ಕಣ್ಣಿಗೆ ದೀರ್ಘಕಾಲದ ಆಸರೆ ಬೇಕೆಂದು ಎಣ್ಣೆ ತುಂಬಿದರು. ‘ಎಣ್ಣೆ’ ಎಂದೊಡನೆ ನನ್ನ ಅತ್ತೆಯವರು, ‘ಹರಳೆಣ್ಣೆಯೇನಪ್ಪಾ?’ ಎಂದು ಕೇಳಿದ್ದರು. ಕೂಸಿನ ಕಣ್ಣಿಗೂ ಹರಳೆಣ್ಣೆ ಬಿಡುತ್ತಿದ್ದ ನಾಡಿನಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. (ಕೂಸಿನ ಕಣ್ಣಿಗಾಗಲಿ ದೊಡ್ಡವರ ಕಣ್ಣಿಗಾಗಲಿ ಯಾವ ಎಣ್ಣೆಯನ್ನೂ ಬಿಡಬೇಡಿ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.) ಇದು ಬೀಜದ ಎಣ್ಣೆಯಲ್ಲ, ಸಿಲಿಕಾನ್ ಮತ್ತು ಆಮ್ಲಜನಕದ ಸರಪಳಿಯಿಂದ ಕಾರ್ಖಾನೆಯಲ್ಲಿ ತಯಾರಾಗುವ, ನೀರಿನಷ್ಟೇ ತಿಳಿಯಾದ ದ್ರವ. ನೀರಿಗಿಂತ ಸಾವಿರ ಪಟ್ಟು ಮಂದವಾದದ್ದೂ ಇದೆ, ಐದು ಸಾವಿರ ಪಟ್ಟು ಮಂದವಾದದ್ದೂ ಇದೆ. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಬಳಗಕ್ಕೆ ಸೇರಿದ ಅರೋಲ್ಯಾಬ್‌ನಂಥ ಸಂಸ್ಥೆಗಳಿಂದಾಗಿ ಅದು ಈಗ ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ.

ಈ ಎಣ್ಣೆಯನ್ನು ಬೈಯುವುದು ನನ್ನ ಉದ್ದೇಶವಲ್ಲವೆಂದು ಸ್ಪಷ್ಟಪಡಿಸಬೇಕು. ನೂರು ವರ್ಷಗಳ ಹಿಂದೆ ಅಕ್ಷಿಪಟಲ ಕಳಚಿತೆಂದರೆ ಕುರುಡೇ ಗತಿ. ಹರಿದ ರಂಧ್ರವನ್ನು ಮುಚ್ಚಿದರೆ ಪಟಲ ಕೂರುತ್ತದೆಂದು 1920ರ ದಶಕದಲ್ಲಿ ತೋರಿಸಿಕೊಟ್ಟವರು ಸ್ವಿಟ್ಜರ್ಲೆಂಡಿನ ಝೂಲ್ ಗೊನಾಂ. ಸಿಲಿಕೋನ್ ಎಣ್ಣೆಯ ಬಳಕೆಯನ್ನು 1962ರಲ್ಲಿ ಅಮೆರಿಕದ ಪಾಲ್ ಸಿಬಿಸ್ ಪ್ರಕಟಿಸಿದರು. ಅದರ ತೊಡಕುಗಳನ್ನು ಕಂಡು ಆ ದೇಶದ ವೈದ್ಯರು ಬಹುಕಾಲ ಅನುಮಾನಿಸಿದರು. ಅನಿಲದೊಡನೆ ಹೋಲಿಸಿ ನಡೆಸಿದ ದೊಡ್ಡ ಅಧ್ಯಯನದ ಫಲಿತಾಂಶಗಳು 1992ರಲ್ಲಿ ಹೊರಬಂದ ಮೇಲೆ, 1994ರಲ್ಲಿ ಅಲ್ಲಿನ ಸರ್ಕಾರ ಅನುಮತಿ ನೀಡಿತು. ಎಣ್ಣೆಯಿಲ್ಲದಿದ್ದರೆ ನನ್ನ ಬಲಗಣ್ಣು 2021ರಲ್ಲಿಯೇ ಹೋಗಿಬಿಡುತ್ತಿತ್ತು. ಇಂದು ಆ ಕಣ್ಣಿನಿಂದ ಬಸ್ಸಿನ ಹಲಗೆ ಓದುತ್ತೇನೆ. ಪತ್ರಿಕೆಯ ಸಣ್ಣಕ್ಷರ ಮಾತ್ರ ಆಗದು.

ಆದರೆ ಎಣ್ಣೆಯು ಮನೆಯ ತಾರಸಿ ಹಾಕುವಾಗ ಕೆಳಗೆ ಕೊಡುವ ಸೆಂಟ್ರಿಂಗ್ ಇದ್ದಂತೆ. ಕಾಂಕ್ರೀಟು ಗಟ್ಟಿಯಾಗುವ ಮುನ್ನ ತೆಗೆದರೆ ತಾರಸಿ ಕುಸಿಯುತ್ತದೆ. ಹಾಗೆಂದು ಆ ಮರಗಳನ್ನು ಹಾಗೆಯೇ ಬಿಟ್ಟು ಗೃಹಪ್ರವೇಶ ಮಾಡಿದರೆ ಗೆದ್ದಲು ಹಿಡಿಯುತ್ತದೆ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ, ಪಟಲ ಚೆನ್ನಾಗಿ ಕೂತಿದೆಯೆಂದು ಖಾತ್ರಿ ಮಾಡಿಕೊಂಡು, ವೈದ್ಯರು ಎಣ್ಣೆಯನ್ನು ತೆಗೆಯುತ್ತಾರೆ. ಅಂದರೆ ಇದು ಎರಡು ಕಂತಿನ ಶಸ್ತ್ರಚಿಕಿತ್ಸೆ. ಮೊದಲ ಕಂತು ಮುಗಿದಾಗ ಅರ್ಧ ಕೆಲಸವಷ್ಟೇ ಆಗಿರುತ್ತದೆ.

ಗೆದ್ದಲು ಹೇಗೆ ಹಿಡಿಯುತ್ತದೆಂಬುದನ್ನು ಬಿಡಿಸಿ ಹೇಳಬೇಕು. ಕಣ್ಣು ದಿನವಿಡೀ ಅತ್ತಿತ್ತ ಹೊರಳುತ್ತಲೇ ಇರುತ್ತದೆ. ಒಳಗಿನ ನೀರಿನಲ್ಲಿರುವ ಪ್ರೋಟೀನು ಮತ್ತು ರಕ್ತದ ಅಂಶಗಳು ಸಾಬೂನಿನ ಕೆಲಸ ಮಾಡುತ್ತವೆ. ಕಡೆಗೋಲು ಆಡಿಸಿದರೆ ಮೊಸರಿನಲ್ಲಿ ಚದುರಿದ್ದ ಕೊಬ್ಬು ಒಂದುಗೂಡಿ ಬೆಣ್ಣೆಯಾಗುತ್ತದೆ. ಇಲ್ಲಿ ಅದಕ್ಕೆ ತದ್ವಿರುದ್ಧ. ಒಂದೇ ಗೋಳವಾಗಿದ್ದ ಎಣ್ಣೆ ಹೊರಳಾಟದಿಂದ ಸಾವಿರಾರು ಸೂಕ್ಷ್ಮ ಹನಿಗಳಾಗಿ ಒಡೆಯುತ್ತದೆ. ಮಂದವಾದ ಎಣ್ಣೆ ನಿಧಾನವಾಗಿ, ತೆಳುವಾದದ್ದು ಬೇಗನೆ; ಆದರೆ ಕಾಲಾವಕಾಶ ಕೊಟ್ಟರೆ ಎರಡೂ ಒಡೆಯುತ್ತವೆ. ಆ ಹನಿಗಳು ಪಾಪೆಯ ಮೂಲಕ ಕಣ್ಣಿನ ಮುಂಗೋಣೆಗೆ ಬಂದು, ಅಲ್ಲಿನ ನೀರು ಹೊರಹೋಗುವ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಚರಂಡಿ ಕಟ್ಟಿದ ಬಚ್ಚಲಿನಂತೆ ನೀರು ಹೊರಹೋಗದೆ ಕಣ್ಣಿನ ಒತ್ತಡ ಏರುತ್ತದೆ. 10ರಿಂದ 21ರವರೆಗೆ ಇರಬೇಕಾದ ಪಾದರಸದ ಮಟ್ಟ ಮೂವತ್ತಕ್ಕೂ ನಲವತ್ತಕ್ಕೂ ಹೋಗಬಹುದು. ದೃಷ್ಟಿನರ ಮೆಲ್ಲಮೆಲ್ಲನೆ ಒಣಗುತ್ತದೆ. ಇದೇ ಗ್ಲುಕೋಮಾ. ಒಣಗಿದ ನರವನ್ನು ಚಿಗುರಿಸುವ ವಿದ್ಯೆ ಇನ್ನೂ ಬಂದಿಲ್ಲ. ಜಾಲರಿ ಒಮ್ಮೆ ಕೆಟ್ಟಿತೆಂದರೆ ಎಣ್ಣೆ ತೆಗೆದ ಮೇಲೂ ಒತ್ತಡ ಇಳಿಯುತ್ತದೆಂಬ ಭರವಸೆಯಿಲ್ಲ. ನನಗೆ ಇಳಿಯಲಿಲ್ಲ, ಹನಿಗಳಿಂದ ಹತೋಟಿಯಲ್ಲಿದೆ.

ಉಳಿದ ತೊಡಕುಗಳೂ ಇವೆ. ಸ್ವಂತ ಮಸೂರ ಇದ್ದವರಲ್ಲಿ ಎಣ್ಣೆ ಬಹಳ ದಿನ ಉಳಿದರೆ ಬಹುತೇಕ ಎಲ್ಲರಿಗೂ ಪೊರೆ ಬರುತ್ತದೆ. ಎಣ್ಣೆ ಮುಂದಕ್ಕೆ ಬಂದು ಕಾರ್ನಿಯಾಕ್ಕೆ ತಗಲುತ್ತಿದ್ದರೆ ಅದು ಮಸುಕಾಗುತ್ತದೆ, ಸುಣ್ಣದ ಪಟ್ಟಿ ಕಟ್ಟಿಕೊಳ್ಳುತ್ತದೆ. ಆದ್ದರಿಂದಲೇ ಅಂಗಾತ ಮಲಗಬೇಡಿ ಎನ್ನುವುದು. ಎಣ್ಣೆ ನೀರಿಗಿಂತ ಹಗುರ, ಸಾಪೇಕ್ಷ ಸಾಂದ್ರತೆ ಸುಮಾರು 0.97, ಅಂಗಾತ ಮಲಗಿದರೆ ಅದು ಮೇಲಕ್ಕೆ, ಅಂದರೆ ಕಣ್ಣಿನ ಮುಂಭಾಗಕ್ಕೆ, ತೇಲಿ ಬರುತ್ತದೆ. ಮಸೂರವೇ ಇಲ್ಲದ ಕಣ್ಣಿನಲ್ಲಿ ಎಣ್ಣೆ ಪಾಪೆಯನ್ನೇ ಅಡ್ಡಗಟ್ಟದಂತೆ ವರ್ಣಪಟಲದ ಕೆಳತುದಿಯಲ್ಲಿ ಒಂದು ಕಿಂಡಿ ಮಾಡುತ್ತಾರೆ. 1985ರಲ್ಲಿ ಜಪಾನಿನ ಆಂಡೋ ಎಂಬ ವೈದ್ಯರು ಸೂಚಿಸಿದ ಉಪಾಯವಿದು. ಕಿಂಡಿ ಮೇಲೇಕಲ್ಲ, ಕೆಳಗೇಕೆ ಎಂದು ನನ್ನ ತರಗತಿಯಲ್ಲಿ ಕೇಳಿದ್ದರೆ ಹಿಂದಿನ ಬೆಂಚಿನವರೂ ಉತ್ತರಿಸುತ್ತಿದ್ದರು: ಎಣ್ಣೆ ಮೇಲೆ, ನೀರು ಕೆಳಗೆ.

ಇನ್ನೊಂದು ಸಣ್ಣ ಸಂಗತಿ, ದುಡ್ಡು ಉಳಿಸುವಂಥದು. ಎಣ್ಣೆಯ ವಕ್ರೀಭವನ ಸೂಚ್ಯಂಕ ಸುಮಾರು 1.40, ಕಣ್ಣಿನ ಸಹಜ ಲೋಳೆಯದು 1.33. ಮಸೂರದ ಬೆನ್ನ ಹಿಂದೆ ಎಣ್ಣೆ ಬಂದು ನಿಂತಾಗ ಮಸೂರದ ಶಕ್ತಿ ಕುಗ್ಗಿ ಐದಾರು ಡಯಾಪ್ಟರಿನಷ್ಟು ಪ್ಲಸ್ ಕನ್ನಡಕ ಬೇಕಾಗುತ್ತದೆ. ಎಣ್ಣೆ ತೆಗೆದ ದಿನ ಆ ಕನ್ನಡಕ ಕೆಲಸಕ್ಕೆ ಬಾರದು. ನಾನು ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ದುಬಾರಿ ಚೌಕಟ್ಟಿನದೇ ಮಾಡಿಸಿದೆ. ಆ ಕನ್ನಡಕ ಹಾಕಿಕೊಂಡ ದಿನ ‘ಇಷ್ಟು ಚೆನ್ನಾಗಿ ಕಾಣುತ್ತಿದೆಯಲ್ಲ, ಇನ್ನೇಕೆ ಇನ್ನೊಂದು ಆಪರೇಷನ್’ ಎಂದು ಅನ್ನಿಸಿಬಿಟ್ಟಿತು. 2022ರ ಮಾರ್ಚಿಗೆ ಬರಲು ಹೇಳಿದ್ದರು. ಮಾರ್ಚಿನಲ್ಲಿ ಮನೆಯಲ್ಲಿ ಮದುವೆ, ಮೇನಲ್ಲಿ ಬಿಸಿಲು, ಆಷಾಢದಲ್ಲಿ ಶುಭಕಾರ್ಯವಿಲ್ಲ, ಶ್ರಾವಣದಲ್ಲಿ ಹಬ್ಬಗಳು. ಹೀಗೆ ಅಕ್ಟೋಬರ್ ಬಂತು. ಪಂಚಾಂಗವನ್ನು ಶಸ್ತ್ರಚಿಕಿತ್ಸೆಗೆ ನೋಡಬಾರದೆಂದು ತರಗತಿಯಲ್ಲಿ ಭಾಷಣ ಮಾಡಿದವನು ನಾನೇ.

ಈಗ ಆ ವಿದ್ಯಾರ್ಥಿಯ ವಿಷಯ. 2023ರಲ್ಲಿ ಗುಬ್ಬಿಯ ಚನ್ನಬಸವೇಶ್ವರಸ್ವಾಮಿಯ ಜಾತ್ರೆಗೆ ಹೋಗಿದ್ದೆ. ತೇರಿನ ಬೀದಿಯಲ್ಲಿ ಒಬ್ಬ ನಡುವಯಸ್ಕ ಬಂದು ಕಾಲಿಗೆ ನಮಸ್ಕರಿಸಿದ. ತೊಂಬತ್ತರ ದಶಕದಲ್ಲಿ ನನ್ನ ಬಳಿ ಓದಿದವನು, ಚೇಳೂರಿನ ಕಡೆಯವನು, ತೆಂಗಿನಕಾಯಿ ಸುಲಿಯುವ ಕೆಲಸ. ಅವನು ತಲೆಯೆತ್ತಿದಾಗ ಎಡಗಣ್ಣು ನೋಡಿ ಮೈ ಜುಮ್ಮೆಂದಿತು. ಕಪ್ಪುಗುಡ್ಡೆಯ ಮೇಲಂಚಿನಲ್ಲಿ ಉಗುರಿನ ಬುಡದ ಅರ್ಧಚಂದ್ರವನ್ನು ತಲೆಕೆಳಗಾಗಿ ಇಟ್ಟಂತೆ ಬೆಳ್ಳಗಿನ ಒಂದು ರೇಖೆ. ಕೀವಾಗಿದ್ದರೆ ಕೆಳಗೆ ಕೂರುತ್ತಿತ್ತು. ಮೇಲೆ ತೇಲಿರುವುದೆಂದರೆ ಎಣ್ಣೆ. ಹಿಂದಿನ ವರ್ಷ ನನ್ನ ಕಣ್ಣಿನ ವೈದ್ಯರು ಇದೇ ತತ್ವವನ್ನು ವಿವರಿಸಿದ್ದರಿಂದ ನೋಡಿದ ಕೂಡಲೇ ತಿಳಿಯಿತು.

‘ಕಣ್ಣಿಗೆ ಆಪರೇಷನ್ ಆಗಿತ್ತೇನಯ್ಯಾ?’ ಎಂದೆ. 2018ರಲ್ಲಿ ಸುಲಿಯುವಾಗ ಸಿಡಿದ ಮಟ್ಟೆ ಕಣ್ಣಿಗೆ ಬಡಿದು ನರ ಕಳಚಿತ್ತಂತೆ. ಬೆಂಗಳೂರಿನಲ್ಲಿ ಆಪರೇಷನ್ ಆಗಿ, ‘ಸಕ್ಸಸ್’ ಎಂದಿದ್ದರಂತೆ. ಒಂದೆರಡು ವರ್ಷ ಓಡಾಡುವಷ್ಟು ಕಾಣುತ್ತಿತ್ತು, ಆಮೇಲೆ ಮಂಜಾಯಿತು. ‘ಪೆಟ್ಟು ಬಿದ್ದ ಕಣ್ಣಲ್ಲವಾ ಸಾರ್, ಅಷ್ಟೇ ಅಂದುಕೊಂಡೆ’ ಎಂದ. ಒಳಗೆ ಎಣ್ಣೆಯಿರುವುದು ಗೊತ್ತೇ ಎಂದು ಕೇಳಿದರೆ, ‘ಎಣ್ಣೇನಾ?’ ಎಂದು ನನ್ನನ್ನೇ ನೋಡಿದ. ಆ ನೋಟವನ್ನು ನಾನು ಮರೆಯಲಾರೆ.

ಮರುವಾರ ಅವನು ಹಳೆಯ ಕಾಗದಗಳನ್ನು ತುಮಕೂರಿಗೆ ತಂದು ತೋರಿಸಿದ. ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೊನೆಯ ಸಾಲಿನಲ್ಲಿ ಮೂರು ತಿಂಗಳ ನಂತರ ‘ಎಸ್.ಓ.ಆರ್.’ ಎಂದು ಬರೆದಿತ್ತು. ಸಿಲಿಕೋನ್ ಎಣ್ಣೆ ತೆಗೆಯುವುದು ಎಂಬುದಕ್ಕೆ ವೈದ್ಯರ ಸಂಕ್ಷೇಪ ಅದು. ಇಡೀ ಕಣ್ಣಿನ ಹಣೆಬರಹ ಆ ಮೂರು ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಅದನ್ನು ಮನೆಯವರು ಔಷಧಿಯ ಹೆಸರೆಂದು ತಿಳಿದು, ಅಂಗಡಿಯಲ್ಲಿ ಕೇಳಿ, ಸಿಗಲಿಲ್ಲವೆಂದು ಸುಮ್ಮನಾಗಿದ್ದರು. ಅವನನ್ನು ಪರೀಕ್ಷೆಗೆ ಕಳಿಸಿಕೊಟ್ಟೆ. ಅಕ್ಷಿಪಟಲವೇನೋ ಕೂತಿತ್ತು, ಮೊದಲ ಶಸ್ತ್ರಚಿಕಿತ್ಸೆ ನಿಜಕ್ಕೂ ‘ಸಕ್ಸಸ್’ ಆಗಿತ್ತು. ಆದರೆ ಒತ್ತಡದಿಂದ ದೃಷ್ಟಿನರ ಒಣಗಿಹೋಗಿತ್ತು. ಎಣ್ಣೆ ತೆಗೆದದ್ದು ನೋವು ಬಾರದಿರಲೆಂದಷ್ಟೇ. ಈಗ ಆ ಕಣ್ಣಿಗೆ ಬೆಳಕು ಯಾವುದು, ಕತ್ತಲು ಯಾವುದು ಎಂಬಷ್ಟೇ ತಿಳಿಯುತ್ತದೆ.

ಯಾರ ತಪ್ಪು? ಬಹಳ ದಿನ ಇದನ್ನೇ ಯೋಚಿಸಿದ್ದೇನೆ. ಆಸ್ಪತ್ರೆಯವರನ್ನು ಕೇಳಿದರೆ ‘ನಾವು ಎಲ್ಲರಿಗೂ ಹೇಳುತ್ತೇವೆ’ ಎನ್ನುತ್ತಾರೆ, ಹೇಳಿರಲೂಬಹುದು. ನಾವೂ ತರಗತಿಯಲ್ಲಿ ಎಲ್ಲವನ್ನೂ ಹೇಳಿರುತ್ತೇವೆ. ಆದರೆ ಬಿ.ಇಡಿ. ಓದುವಾಗ ನಮ್ಮಿಂದ ಬರೆಸುತ್ತಿದ್ದ ಪಾಠಯೋಜನೆಯಲ್ಲಿ ಕೊನೆಯ ಕಲಂ ಒಂದಿತ್ತು: ಮೌಲ್ಯಮಾಪನ. ಮಗು ತನ್ನ ಮಾತಿನಲ್ಲಿ ತಿರುಗಿ ಹೇಳದ ಹೊರತು ಪಾಠ ಆಗಿಲ್ಲವೆಂದೇ ಲೆಕ್ಕ. ಅರಿವಳಿಕೆಯ ಮಂಪರಿನಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಚಡಪಡಿಸುತ್ತಿರುವ ಮನುಷ್ಯನಿಗೆ ಒಮ್ಮೆ ಹೇಳಿದ್ದನ್ನು ‘ಹೇಳಿದ್ದೇವೆ’ ಎಂದು ಎಣಿಸಬಹುದೇ? ಮನೆಗೆ ಕಳಿಸುವ ಮುನ್ನ ‘ನಿಮ್ಮ ಕಣ್ಣಿನಲ್ಲಿ ಏನಿದೆ? ಯಾವ ತಿಂಗಳು ಬರಬೇಕು?’ ಎಂದು ಕೇಳಿ, ಅವರ ಬಾಯಿಂದ ಹೇಳಿಸಲು ಎರಡು ನಿಮಿಷ ಸಾಕು. ಆ ಎರಡು ಸಾಲು ಕನ್ನಡದಲ್ಲಿ, ದಪ್ಪಕ್ಷರದಲ್ಲಿ, ತಾರೀಖಿನೊಂದಿಗೆ ಇರಬೇಕು.

ಒಂದು ವಿಚಿತ್ರ ನೋಡಿ. ಅನಿಲ ತುಂಬಿದವರ ಕೈಗೆ ಅನೇಕ ಕಡೆ ಒಂದು ಪಟ್ಟಿ ಕಟ್ಟುತ್ತಾರೆ. ವಿಮಾನ ಹತ್ತಬಾರದು, ಕೆಲವು ಅರಿವಳಿಕೆ ಅನಿಲಗಳನ್ನು ಕೊಡಬಾರದು ಎಂಬ ಎಚ್ಚರಿಕೆ ಅದರ ಮೇಲಿರುತ್ತದೆ. ಅಪ್ಪ ಅಮ್ಮನನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ನನ್ನ ವಿದ್ಯಾರ್ಥಿಗಳು ಇದನ್ನು ತಿಳಿದಿರಲಿ: ಮೇಲೇರಿದಂತೆ ಅನಿಲ ಹಿಗ್ಗಿ ಕಣ್ಣಿಗೆ ಅಪಾಯವಾಗುತ್ತದೆ, ಎಣ್ಣೆಗೆ ಆ ತೊಂದರೆಯಿಲ್ಲ. ಆ ಪಟ್ಟಿ ಅತ್ಯಗತ್ಯವೇ, ನನ್ನ ತಕರಾರಿಲ್ಲ. ಆದರೆ ಕೆಲವೇ ವಾರಗಳಲ್ಲಿ ತಾನಾಗಿ ಹೊರಟುಹೋಗುವ ಅನಿಲಕ್ಕೆ ಕೈಪಟ್ಟಿ. ತಾನಾಗಿ ಎಂದಿಗೂ ಹೋಗದ ಎಣ್ಣೆಗೆ ಮೂರಕ್ಷರ. ಇದು ಯಾವ ನ್ಯಾಯ?

ತಪ್ಪಿನ ಇನ್ನೊಂದು ಪಾಲು ನಮ್ಮದೇ, ಅಂದರೆ ನಮ್ಮ ರೂಢಿಯದು. ನಮ್ಮ ಸೀಮೆಯಲ್ಲಿ ಕಣ್ಣಿನ ಆಪರೇಷನ್ ಎಂದರೆ ಪೊರೆಯ ಆಪರೇಷನ್. ಅದನ್ನು ಹಳ್ಳಿಹಳ್ಳಿಗೆ ಒಯ್ದವರು 2005ರಲ್ಲಿ ತೀರಿಕೊಂಡ ಡಾ. ಎಂ.ಸಿ. ಮೋದಿಯವರಂಥ ಪುಣ್ಯಾತ್ಮರು. ನನ್ನ ಅಜ್ಜಿಗೆ ಅಂಥದೇ ಒಂದು ಶಿಬಿರದಲ್ಲಿ, ಶಾಲೆಯ ಕೊಠಡಿಯಲ್ಲಿ ಸಾಲಾಗಿ ಮಲಗಿಸಿ, ಮಸೂರ ತೆಗೆದು ಸೋಡಾಬುಡ್ಡಿಯ ತಳದಂಥ ಕನ್ನಡಕ ಕೊಟ್ಟಿದ್ದರು. ಅಜ್ಜಿ ಸಾಯುವವರೆಗೂ ಅದರಲ್ಲೇ ಅಕ್ಕಿ ಆರಿಸಿದಳು. ಕುರುಡುತನ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮವೂ 1976ರಲ್ಲಿ ಆರಂಭವಾದಂದಿನಿಂದ ದಶಕಗಳ ಕಾಲ ಮುಖ್ಯವಾಗಿ ಪೊರೆಯ ಮೇಲೆಯೇ ಗಮನವಿಟ್ಟಿತ್ತು. ಅದು ಸರಿಯೂ ಹೌದು. ಆದರೆ ಅದರಿಂದ ಎರಡು ತಲೆಮಾರುಗಳ ಮನಸ್ಸಿನಲ್ಲಿ ಒಂದು ಚಿತ್ರ ಅಚ್ಚೊತ್ತಿದೆ: ಬೆಳಿಗ್ಗೆ ಹೋಗು, ಪಟ್ಟಿ ಕಟ್ಟಿಸಿಕೊ, ಕನ್ನಡಕ ಹಾಕಿಕೊ, ಮುಗಿಯಿತು. ಈ ಚಿತ್ರದೊಳಗೆ ಎರಡನೆಯ ಆಪರೇಷನ್‌ಗೆ ಜಾಗವೇ ಇಲ್ಲ. ಎರಡನೆಯದು ಬೇಕೆಂದರೆ ಮೊದಲನೆಯದು ಕೆಟ್ಟಿತೆಂದೇ ಜನ ತಿಳಿಯುತ್ತಾರೆ. ಆದ್ದರಿಂದ ಮಕ್ಕಳು ಅದನ್ನು ತಂದೆತಾಯಿಯಿಂದ ಮುಚ್ಚಿಡುತ್ತಾರೆ. ತಂದೆತಾಯಿ ‘ಖರ್ಚು ಬೇಡ’ ಎಂದು ಮಕ್ಕಳಿಂದ ಮುಚ್ಚಿಡುತ್ತಾರೆ. ಗುಬ್ಬಿಯಿಂದ ಬೆಂಗಳೂರಿಗೆ ತೊಂಬತ್ತು ಕಿಲೋಮೀಟರು. ಒಬ್ಬರು ಹೋಗಬೇಕೆಂದರೆ ಇಬ್ಬರ ಕೂಲಿ ಹೋಗುತ್ತದೆ. ಈ ಲೆಕ್ಕವನ್ನು ಹಗುರವಾಗಿ ಕಾಣಲಾರೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡು ಇದ್ದವರು, ಎಣ್ಣೆ ತುಂಬುವ ದಿನವೇ, ತೆಗೆಯುವ ಖರ್ಚು ಯಾವ ಲೆಕ್ಕದಲ್ಲಿ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿಟ್ಟುಕೊಳ್ಳಬೇಕು. ನಡುವಿನ ತಿಂಗಳುಗಳಲ್ಲಿ ಕಣ್ಣಿನ ಒತ್ತಡ ಅಳೆಸಲು ಬೆಂಗಳೂರೇ ಆಗಬೇಕಿಲ್ಲ; ತುಮಕೂರಿನಲ್ಲಿ ಅಳೆಯುತ್ತಾರೆ, ಐದು ನಿಮಿಷದ ಕೆಲಸ.

ಕೂಸು ಹುಟ್ಟಿದರೆ ಲಸಿಕೆಯ ಕಾರ್ಡು ಕೊಡುತ್ತೇವೆ. ತಾರೀಖು ತಪ್ಪಿದರೆ ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬರುತ್ತಾಳೆ. ಎಣ್ಣೆ ತುಂಬಿದ ಕಣ್ಣುಗಳು ಒಂದು ತಾಲ್ಲೂಕಿನಲ್ಲಿ ಎಷ್ಟಿದ್ದಾವು? ಆ ಪಟ್ಟಿಯೊಂದನ್ನು ತಾಲ್ಲೂಕು ಆಸ್ಪತ್ರೆಯ ನೇತ್ರ ಸಹಾಯಕರಿಗೆ ಕಳಿಸಿದರೆ ಅವರು ಒಂದು ಫೋನು ಮಾಡಲಾರರೇ? ನನಗಂತೂ ಇದು ಅಸಾಧ್ಯದ ಮಾತಾಗಿ ಕಾಣುವುದಿಲ್ಲ.

ಇಷ್ಟು ಓದಿ ಯಾರೂ ಗಾಬರಿಯಿಂದ ‘ನಾಳೆಯೇ ತೆಗೆಸಿಬಿಡಿ’ ಎಂದು ವೈದ್ಯರ ಮೇಲೆ ಬೀಳಬಾರದು. ಎಲ್ಲರ ಎಣ್ಣೆಯನ್ನೂ ತೆಗೆಯುವುದಿಲ್ಲ. ಕುಣಿಗಲ್ಲಿನಲ್ಲಿ ದೊಡ್ಡಕೆರೆಯ ಹತ್ತಿರ ಇರುವ ನನ್ನ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಅಕ್ಷಿಪಟಲಗಳು ಕೆಟ್ಟು, ಒಂದು ಕಣ್ಣು ಪೂರ್ತಿ ಹೋಗಿದೆ. ಉಳಿದ ಕಣ್ಣಿನ ಪಟಲ ಎರಡು ಸಲ ಕಳಚಿ, ಮೂರನೆಯ ಸಲ ಎಣ್ಣೆಯ ಆಸರೆಯಲ್ಲಿ ನಿಂತಿದೆ. ತೆಗೆದರೆ ಮತ್ತೆ ಕಳಚುವ ಸಂಭವವೇ ಹೆಚ್ಚೆಂದು, ಒತ್ತಡವೂ ಸರಿಯಾಗಿದೆಯೆಂದು, ವೈದ್ಯರು ಯೋಚಿಸಿಯೇ ಎಣ್ಣೆಯನ್ನು ಬಿಟ್ಟಿದ್ದಾರೆ. ಚಿಕ್ಕಮ್ಮ ಮೂರು ತಿಂಗಳಿಗೊಮ್ಮೆ ತಪ್ಪದೆ ಹೋಗಿ ತೋರಿಸಿಕೊಂಡು ಬರುತ್ತಾಳೆ. ‘ನನ್ನ ಕಣ್ಣಿನ ಬಾಡಿಗೆ ಕಟ್ಟಿ ಬಂದೆ’ ಎನ್ನುತ್ತಾಳೆ. ಅವಳ ಕಣ್ಣಿನಲ್ಲಿ ಉಳಿದ ಎಣ್ಣೆಗೂ ನನ್ನ ವಿದ್ಯಾರ್ಥಿಯ ಕಣ್ಣಿನಲ್ಲಿ ಉಳಿದ ಎಣ್ಣೆಗೂ ಇರುವ ವ್ಯತ್ಯಾಸ ಇದು: ಒಂದನ್ನು ತಿಳಿದು ಬಿಟ್ಟದ್ದು, ಇನ್ನೊಂದನ್ನು ಮರೆತು ಬಿಟ್ಟದ್ದು.

ಕಳೆದ ತಿಂಗಳು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ. ಹುಲಿಯೂರುದುರ್ಗದ ಅವನ ತಂದೆಗೆ ರೆಟಿನಾದ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. ‘ಎಣ್ಣೆಯೋ ಅನಿಲವೋ?’ ಎಂದು ಕೇಳಿದೆ. ಗೊತ್ತಿಲ್ಲವೆಂದ. ಚೀಟಿಯನ್ನು ತೆಗೆದು ಕೊನೆಯ ಸಾಲನ್ನು ಓದಲು ಹೇಳಿದೆ. ಅರ್ಧ ಗಂಟೆಯ ಮೇಲೆ ಮತ್ತೆ ಫೋನು ಬಂತು: ‘ಎಣ್ಣೆ ಸಾರ್. ಆಸ್ಪತ್ರೆಗೆ ಫೋನು ಮಾಡಿ ಕೇಳಿದೆ. ತೆಗೆಯಲು ಒಂದು ತಾರೀಖು ಕೊಟ್ಟಿದ್ದಾರೆ.’ ಊರಿನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅದನ್ನು ಕೆಂಪು ಶಾಯಿಯಲ್ಲಿ ಬರೆದು, ತಂದೆಯ ಬಾಯಿಂದ ಒಮ್ಮೆ ಹೇಳಿಸು ಎಂದೆ. ಸ್ವಲ್ಪ ತಡೆದು ಅವನು ಕೇಳಿದ: ‘ಸಾರ್, ಆ ದಿನ ಅಮಾವಾಸ್ಯೆ ಬರುತ್ತದಂತೆ, ಅಮ್ಮ ಬೇಡ ಅನ್ನುತ್ತಿದ್ದಾಳೆ. ಮರುದಿನ ಹೋದರೆ ಆಗುತ್ತದೆಯೇ?’

ಆಗಬಹುದಪ್ಪ, ಆಸ್ಪತ್ರೆಯವರಿಗೆ ಈಗಲೇ ತಿಳಿಸು, ಆ ಮರುದಿನವನ್ನೂ ಕೆಂಪು ಶಾಯಿಯಲ್ಲಿಯೇ ಬರೆ ಎಂದೆ.